ಒಬ್ಬನ ಮುಷ್ಟಿಗೆ ಇಡೀ ದೇಶ ಸಿಗುವುದು ಹೇಗೆ?

ಪ್ರಶ್ನೆ: ಸರ್, ಈ ಸಲ ಪುತ್ತರಿ (ಹುತ್ತರಿ) ಹಬ್ಬಕ್ಕೆ ಮಗ ಬೆಂಗಳೂರಿನಿಂದ ಬಂದಿದ್ದ. ಊಟಕ್ಕೆ ಕೂತಾಗ ರಸ್ತೆಗುಂಡಿ, ಲಂಚ, ಕಾಡಾನೆ ಹಾವಳಿ ಅಂತ ಮಾತು ಬೆಳೆಯಿತು. "ಈ ದೇಶಕ್ಕೆ ಹತ್ತು ವರ್ಷ ಒಬ್ಬ ಸರ್ವಾಧಿಕಾರಿ ಬೇಕು, ಎಲ್ಲ ತಾನಾಗಿ ಸರಿಹೋಗುತ್ತದೆ" ಅಂದ. ಮಿಲಿಟರಿಯಿಂದ ನಿವೃತ್ತರಾದ ನನ್ನ ಮಾವ ಅರ್ಧ ಊಟಕ್ಕೇ ಕೈ ತೊಳೆದು ಎದ್ದರು. ಆವತ್ತಿನಿಂದ ನನಗೆ ಇದೇ ಯೋಚನೆ. ಒಬ್ಬ ಮನುಷ್ಯನಿಗೆ ಇರುವುದು ಎರಡೇ ಕೈ. ಕೋಟ್ಯಂತರ ಜನರನ್ನು ಅವನು ಹೇಗೆ ಹಿಡಿದಿಟ್ಟುಕೊಳ್ಳುತ್ತಾನೆ? ಸುತ್ತ ಇರುವವರು ಯಾಕೆ ಸುಮ್ಮನಿರುತ್ತಾರೆ? ನಮ್ಮ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜನೂ ಅಂಥವನೇ ಅಲ್ವಾ?
ವಿರಾಜಪೇಟೆ ಕಡೆಯ ಒಬ್ಬ ಓದುಗರು

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅವನಿಗೂ ಇರುವುದು ಎರಡೇ ಕೈ. ಹಾಗಾಗಿ ಸರ್ವಾಧಿಕಾರಿ ಕೋಟಿ ಜನರನ್ನು ಹಿಡಿದಿರುವುದಿಲ್ಲ, ಅದು ಯಾರಿಂದಲೂ ಆಗದ ಕೆಲಸ. ಅವನು ಹಿಡಿದಿರುವುದು ಕೆಲವು ನೂರು ಜನರನ್ನು. ಖಜಾನೆ, ಪೊಲೀಸು, ಸೈನ್ಯ, ಕೋರ್ಟು, ಪತ್ರಿಕೆ, ರೇಡಿಯೊ, ಇವುಗಳ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರನ್ನು. ಉಳಿದ ಕೋಟಿ ಜನರಿಗೆ ಬೇರೆ ಉಪಾಯ ಇದೆ. ಪಕ್ಕದ ಮನೆಯವನ ಮನಸ್ಸಿನಲ್ಲಿ ಏನಿದೆ ಎಂದು ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡರೆ ಸಾಕು. ಮಡಿಕೇರಿಯಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ. ಈ ವಿಷಯದಲ್ಲಿ ನಾನು ತಿಳಿದುಕೊಂಡದ್ದು ಮುಖ್ಯವಾಗಿ ಇದನ್ನೇ. ಬಿಡಿಸಿ ಹೇಳುತ್ತೇನೆ.

ನಮ್ಮ ಊರಿನಿಂದಲೇ ಶುರು ಮಾಡೋಣ. ಚಿಕ್ಕವೀರರಾಜನ ಮನೆತನ, ಅಂದರೆ ಹಾಲೇರಿ ಅರಸರ ಮನೆತನ, ಕೊಡಗಿಗೆ ಬಂದದ್ದು ಹೇಗೆ ಎಂದು ಹಳೆಯ ಚರಿತ್ರೆಗಳು ಒಂದು ಕಥೆ ಹೇಳುತ್ತವೆ. ಇಕ್ಕೇರಿ ನಾಯಕರ ಸಂಬಂಧಿಕನೊಬ್ಬ ಜಂಗಮನ ವೇಷದಲ್ಲಿ ಹಾಲೇರಿಗೆ ಬಂದು ನೆಲೆಸಿದ. ಜನ ಭಕ್ತಿಯಿಂದ ನಡೆದುಕೊಂಡರು. ಮೊದಲು ಮನೆಗಿಷ್ಟು ಅಂತ ಭತ್ತ ಕೊಟ್ಟರು. ಆಮೇಲೆ ಸರದಿಯ ಮೇಲೆ ಅವನ ಮನೆ ಕಾಯಲು ಆಳು ಕಳಿಸಿದರು. ಸುತ್ತಲಿನ ನಾಯಕರು ಒಬ್ಬೊಬ್ಬರಾಗಿ ಇಲ್ಲವಾದರು. ಒಂದು ದಿನ ನೋಡಿದರೆ ಜಂಗಮನ ಮನೆ ಅರಮನೆ ಆಗಿತ್ತು, ಕಾವಲಿನ ಆಳುಗಳು ಸೈನ್ಯ ಆಗಿದ್ದರು. ಕಥೆಯ ಎಲ್ಲ ವಿವರ ನಿಜವೋ ಅಲ್ಲವೋ, ಅಧಿಕಾರ ಕೂಡುವ ರೀತಿ ಮಾತ್ರ ಇದೇ. ಭತ್ತ ಕೊಟ್ಟವನಿಗೆ ಅದೊಂದು ಸಣ್ಣ ಕಾಣಿಕೆ. ಕಾವಲಿಗೆ ಹೋದವನಿಗೆ ಒಂದು ರಾತ್ರಿಯ ನಿದ್ದೆಗೇಡು. ಎಲ್ಲವನ್ನೂ ಕೂಡಿಸಿ ನೋಡಲು ಆಗುವುದು ತೆಗೆದುಕೊಂಡವನಿಗೆ ಮಾತ್ರ.

ಇನ್ನೊಂದು ನನ್ನ ಕಣ್ಣೆದುರೇ ನಡೆದದ್ದು. ನಮ್ಮ ಕಡೆಯ ಒಂದು ಸಣ್ಣ ಸಂಘ. ಹೆಸರು ಬೇಡ. ಅಧ್ಯಕ್ಷಗಿರಿಗೆ ಎಲ್ಲರೂ ಪೈಪೋಟಿ ಮಾಡುತ್ತಿದ್ದರು, ಕಾರ್ಯದರ್ಶಿ ಕೆಲಸ ಯಾರಿಗೂ ಬೇಡವಾಗಿತ್ತು. ಲೆಕ್ಕ ಬರೆಯಬೇಕು, ನೋಟಿಸು ಕಳಿಸಬೇಕು, ಬೀರುವಿನ ಕೀ ಇಟ್ಟುಕೊಳ್ಳಬೇಕು, ಸುಮ್ನೆ ತಲೆನೋವು. ಒಬ್ಬರು "ನಾನು ಮಾಡುತ್ತೇನೆ" ಅಂದರು. ಎಲ್ಲರಿಗೂ ಖುಷಿ. ಎರಡು ವರ್ಷ ಕಳೆಯುವಷ್ಟರಲ್ಲಿ ಸದಸ್ಯರ ಪಟ್ಟಿಯಲ್ಲಿ ಅವರ ಕಡೆಯವರ ಹೆಸರು ಜಾಸ್ತಿ ಆಯಿತು. ಮಹಾಸಭೆ ನಾಟಿ ಕೆಲಸದ ವಾರದಲ್ಲಿ ಬೀಳತೊಡಗಿತು. ನಾಪೋಕ್ಲು, ಭಾಗಮಂಡಲ ಕಡೆಯ ರಸ್ತೆ ಮೇಲೆ ಕಾವೇರಿ ನೀರು ಹರಿಯುವ ಹೊತ್ತಿಗೆ ಸರಿಯಾಗಿ ಸಭೆ. ದೂರದವರಿಗೆ ನೋಟಿಸು ಸಿಗುತ್ತಿದ್ದದ್ದು ಸಭೆ ಮುಗಿದ ಮೇಲೆ. ಹನ್ನೆರಡು ವರ್ಷ ಆ ಸಂಘ ಒಬ್ಬರ ಕೈಯಲ್ಲೇ ಇತ್ತು. ಅಷ್ಟೂ ವರ್ಷ ಮಿನಿಟ್ಸ್ ಪುಸ್ತಕದಲ್ಲಿ ನನ್ನ ಸಹಿಯೂ ಇದೆ. ಒಬ್ಬನೇ ಎದ್ದು ನಿಂತರೆ ಮನಸ್ತಾಪ ಆಗುತ್ತದೆ, ನನಗ್ಯಾಕೆ ಅಂತ ಸಹಿ ಹಾಕಿದೆ. ಮುಂದೆ ಕ್ಲಾಸಿನಲ್ಲಿ ಸ್ಟಾಲಿನ್ ಪಾಠ ಮಾಡುವಾಗಲೆಲ್ಲ ಆ ಸಹಿಗಳ ನೆನಪಾಗಿ ಸಂಕಟವಾಗುತ್ತಿತ್ತು.

ಯಾಕೆಂದರೆ ಸ್ಟಾಲಿನ್ ಮಾಡಿದ್ದೂ ಇದನ್ನೇ. 1922ರಲ್ಲಿ ಅವನು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಆದ. ಟ್ರಾಟ್‌ಸ್ಕಿಯಂಥ ದೊಡ್ಡ ಭಾಷಣಕಾರರ ಕಣ್ಣಿಗೆ ಅದು ಗುಮಾಸ್ತನ ಕೆಲಸ. ಆದರೆ ಯಾವ ಊರಿಗೆ ಯಾರು ಪಕ್ಷದ ಮುಖ್ಯಸ್ಥ, ಯಾರಿಗೆ ಬಡ್ತಿ, ಯಾರಿಗೆ ವರ್ಗ, ಎಲ್ಲ ಅವನ ಮೇಜಿನ ಮೇಲೆ ತೀರ್ಮಾನ ಆಗುತ್ತಿತ್ತು. 1924ರಲ್ಲಿ ಲೆನಿನ್ ತೀರಿಕೊಂಡಾಗ ಸಭೆಗಳಲ್ಲಿ ಕೈ ಎತ್ತುವವರಲ್ಲಿ ಹೆಚ್ಚಿನವರು ಸ್ಟಾಲಿನ್ ನೇಮಿಸಿದವರೇ. ಐದಾರು ವರ್ಷಗಳಲ್ಲಿ ಅವನ ಎದುರಾಳಿಗಳೆಲ್ಲ ಮೂಲೆಗೆ ಬಿದ್ದರು. ಅಷ್ಟರ ಮಟ್ಟಿಗೆ ಅವನಿಗೆ ಗುಂಡು ಹಾರಿಸುವ ಅಗತ್ಯವೂ ಬರಲಿಲ್ಲ. ಗುಂಡು ಆಮೇಲೆ ಬಂತು.

ಹಿಟ್ಲರ್ ದಾರಿ ಬೇರೆ. ನಿಮ್ಮ ಮಗನಿಗೆ ಇದನ್ನು ದಿನಾಂಕ ಸಮೇತ ಹೇಳಿ. ಅವನು ದಂಗೆ ಎದ್ದು ಅಧಿಕಾರಕ್ಕೆ ಬಂದವನಲ್ಲ. 1932ರ ನವೆಂಬರ್ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇಕಡಾ 33 ಮತ. ಹಿಂದಿನ ಸಲಕ್ಕಿಂತ ಕಡಿಮೆ. ಆದರೂ 1933ರ ಜನವರಿ 30ರಂದು ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಚಾನ್ಸಲರ್, ಅಂದರೆ ಸರಕಾರದ ಮುಖ್ಯಸ್ಥ, ಮಾಡಿದ. ಮಾಡಿಸಿದವರು ಫಾನ್ ಪಾಪೆನ್‌ನಂಥ ದೊಡ್ಡ ಮನೆತನದ ರಾಜಕಾರಣಿಗಳು. ಮಂತ್ರಿಮಂಡಲದಲ್ಲಿ ನಾತ್ಸಿಗಳು ಬರೀ ಮೂರು ಜನ. ಈ ಗಲಾಟೆಯ ಮನುಷ್ಯನನ್ನು ಮುಂದಿಟ್ಟುಕೊಂಡು ಕಮ್ಯುನಿಸ್ಟರನ್ನು ಬಗ್ಗುಬಡಿಯೋಣ, ಕೆಲಸ ಮುಗಿದ ಮೇಲೆ ಅವನನ್ನು ಮೂಲೆಗೆ ಕೂರಿಸೋಣ ಅಂದುಕೊಂಡರು. ಆ ಮೂವರಲ್ಲಿ ಒಬ್ಬನಾದ ಗೋರಿಂಗ್ ಕೈಗೆ ಪ್ರಷ್ಯದ ಪೊಲೀಸ್ ಇಲಾಖೆ ಹೋದದ್ದನ್ನು ಅವರು ದೊಡ್ಡದು ಮಾಡಲಿಲ್ಲ. ಜರ್ಮನಿಯ ಅರ್ಧಕ್ಕಿಂತ ಹೆಚ್ಚು ಭಾಗ ಪ್ರಷ್ಯವೇ.

ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ತುರ್ತು ಆಜ್ಞೆ ಬಂತು. ಮಾತಿನ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ವಿಚಾರಣೆ ಇಲ್ಲದೆ ಜೈಲಿಗೆ ಹಾಕಬಾರದೆಂಬ ರಕ್ಷಣೆ, ಎಲ್ಲ ರದ್ದು. ಅದಕ್ಕೆ ಸಹಿ ಹಾಕಿದವನು ಹಿಂಡೆನ್‌ಬರ್ಗ್, ಅದೂ ಸಂವಿಧಾನದ 48ನೇ ವಿಧಿಯ ಪ್ರಕಾರವೇ. ಮಾರ್ಚ್ 23ರಂದು ಸಂಸತ್ತು ಒಂದು ಒಪೆರಾ ಹಾಲಿನಲ್ಲಿ ಸೇರಿತು. ಕಮ್ಯುನಿಸ್ಟ್ ಸದಸ್ಯರು ಆಗಲೇ ಜೈಲಿನಲ್ಲಿದ್ದರು ಅಥವಾ ತಲೆಮರೆಸಿಕೊಂಡಿದ್ದರು. ಹಾಲಿನೊಳಗೆ ಸಾಲುಗಳ ಮಧ್ಯೆ ಹಿಟ್ಲರನ ಪಕ್ಷದ ಕಂದು ಅಂಗಿಯ ದಳದವರು ನಿಂತಿದ್ದರು. ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತೇ ಹಿಟ್ಲರ್ ಸರಕಾರಕ್ಕೆ ಬರೆದುಕೊಟ್ಟಿತು. ಪರ 444, ವಿರೋಧ 94. ಆ 94 ಜನರೂ ಸೋಷಿಯಲ್ ಡೆಮಾಕ್ರಾಟರು. ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂದು ಕಂಡೂ "ಬೇಡ" ಅಂದವರು. ಅವರ ಪರವಾಗಿ ಮಾತಾಡಿದ ಒಟ್ಟೊ ವೆಲ್ಸ್‌ನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಂತ ನನಗೆ ಬಹಳ ಆಸೆ.

ಮೇ 2ಕ್ಕೆ ಕಾರ್ಮಿಕ ಸಂಘಗಳ ಕಚೇರಿಗಳು ಕಂದು ಅಂಗಿ ದಳದವರ ವಶ. ಜುಲೈ 14ಕ್ಕೆ ಉಳಿದ ಪಕ್ಷಗಳೆಲ್ಲ ನಿಷೇಧ. ಹಾಡಿನ ಸಂಘ, ಆಟದ ಕ್ಲಬ್ಬು, ಮೇಷ್ಟ್ರುಗಳ ಸಂಘ ಎಲ್ಲದರ ತಲೆಯ ಮೇಲೂ ಪಕ್ಷದವನೊಬ್ಬ ಬಂದು ಕೂತ. ಹಾಡಿನ ಸಂಘದಿಂದ ಯಾವ ಸರಕಾರಕ್ಕೆ ಅಪಾಯ ಅಂತ ನೀವು ಕೇಳಬಹುದು. ಜನ ಸರಕಾರದ ಅಪ್ಪಣೆ ಇಲ್ಲದೆ ಸೇರುವ ಜಾಗ ಯಾವುದಾದರೂ ಅಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಮಾತಾಡುತ್ತಾರೆ. ಸರ್ವಾಧಿಕಾರಿಗೆ ಅದೇ ಭಯ. ನಮ್ಮಲ್ಲಿ ಒಕ್ಕ ಅನ್ನುವ ಕುಲ ಇದೆ, ಅದರ ಮೂಲಮನೆ ಐನ್‌ಮನೆ ಇದೆ, ಊರಿನ, ನಾಡಿನ ಹಿರಿಯರಾದ ಊರುತಕ್ಕ, ನಾಡುತಕ್ಕ ಇದ್ದಾರೆ. ಅರಸರು ಬಂದರು, ಇಂಗ್ಲಿಷರು ಬಂದರು, ಹೋದರು. ಊರಿನ ಕೆಲವು ವಿಷಯ ತೀರ್ಮಾನವಾಗುವುದು ಇವತ್ತಿಗೂ ಊರವರು ಸೇರುವ ಬಯಲಾದ ಮಂದ್‌ನಲ್ಲೇ. ಇಂಥ ಜಾಗಗಳು ಇರುವ ನಾಡನ್ನು ಒಬ್ಬನೇ ಅಳ್ಳಾಡಿಸುವುದು ಕಷ್ಟ.

ಹಿಟ್ಲರ್ ವಿಷಯದಲ್ಲಿ ಇನ್ನು ಎರಡೇ ದಿನಾಂಕ. 1934ರ ಜೂನ್ 30ರಂದು ಅವನು ತನ್ನದೇ ಕಂದು ಅಂಗಿ ದಳದ ನಾಯಕರನ್ನು ಕೊಲ್ಲಿಸಿದ. ಆಗಸ್ಟ್ 2ರಂದು ಹಿಂಡೆನ್‌ಬರ್ಗ್ ಸತ್ತ, ಅವತ್ತೇ ಸೈನಿಕರೆಲ್ಲ ಹಿಟ್ಲರನ ಹೆಸರು ಹೇಳಿ ಪ್ರಮಾಣ ಮಾಡಿದರು. ದೇಶದ ಹೆಸರಲ್ಲ, ಸಂವಿಧಾನದ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ಎಲ್ಲ ಸೇರಿ ಹದಿನೆಂಟು ತಿಂಗಳು. ನಾವು ಒಂದು ಕಾಫಿ ಗಿಡ ನೆಟ್ಟು ಮೊದಲ ಹಣ್ಣು ನೋಡುವುದಕ್ಕೂ ಅದಕ್ಕಿಂತ ಜಾಸ್ತಿ ಕಾಯಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ. ಸುತ್ತ ಇರುವವರು ಯಾಕೆ ಸುಮ್ಮನಿರುತ್ತಾರೆ? ಅವನನ್ನು ಕೆಳಗಿಳಿಸುವ ಶಕ್ತಿ ನಿಜವಾಗಿ ಇರುವುದು ಅವರಿಗೇ ಅಲ್ವಾ?

ಬಾಗ್ದಾದಿನ ಒಂದು ಸಭೆಯ ಬಗ್ಗೆ ಹೇಳುತ್ತೇನೆ. 1979ರ ಜುಲೈ 16ರಂದು ಸದ್ದಾಂ ಹುಸೇನ್ ಇರಾಕಿನ ಅಧ್ಯಕ್ಷ ಆದ. ಆರು ದಿನ ಕಳೆದು, ಜುಲೈ 22ರಂದು ಪಕ್ಷದ ಮುಖಂಡರನ್ನೆಲ್ಲ ಒಂದು ಹಾಲಿಗೆ ಕರೆಸಿದ. ಕ್ಯಾಮೆರಾ ಇಡಿಸಿದ. ವೇದಿಕೆ ಮೇಲೆ ಮುಖ್ಯ ಮಂಡಳಿಯ ಕಾರ್ಯದರ್ಶಿಯೊಬ್ಬ ನಿಂತು, ಪಿತೂರಿ ನಡೆದಿದೆ, ನಾನೂ ಅದರಲ್ಲಿದ್ದೇನೆ ಎಂದು ಒಪ್ಪಿಕೊಂಡ. ಅವನನ್ನು ಮೊದಲೇ ಹಿಡಿದು ಹಣ್ಣುಗಾಯಿ ಮಾಡಿದ್ದರು. ಆಮೇಲೆ ಒಂದೊಂದೇ ಹೆಸರು ಓದಲು ಶುರು. ಹೆಸರು ಬಂದವನು ಎದ್ದು ನಿಲ್ಲಬೇಕು, ಕಾವಲುಗಾರರು ಹೊರಗೆ ಕರೆದೊಯ್ಯುತ್ತಾರೆ. ಸದ್ದಾಂ ಕೂತು ಚುಟ್ಟಾ ಸೇದುತ್ತಿದ್ದಾನೆ. ಮಧ್ಯೆ ಮಧ್ಯೆ ಕಣ್ಣು ಒರೆಸಿಕೊಳ್ಳುತ್ತಾನೆ. ಹತ್ತು ಹೆಸರು, ಇಪ್ಪತ್ತು ಹೆಸರು. ಕುರ್ಚಿಗಳು ಖಾಲಿ ಆಗುತ್ತಾ ಬರುತ್ತವೆ. ಉಳಿದವರು ಬೆವರುತ್ತಾರೆ. ಒಬ್ಬ ಇದ್ದಕ್ಕಿದ್ದ ಹಾಗೆ ಎದ್ದು ಸದ್ದಾಮನಿಗೆ ಜೈ ಎಂದು ಕೂಗುತ್ತಾನೆ. ಅವನನ್ನು ನೋಡಿ ಇನ್ನೊಬ್ಬ ಇನ್ನೂ ಜೋರಾಗಿ. ಸ್ವಲ್ಪ ಹೊತ್ತಿಗೆ ಹಾಲಿಗೆ ಹಾಲೇ ಕೂಗುತ್ತಿದೆ.

ಆವತ್ತು ಅರುವತ್ತಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಹೋದರು. 22 ಜನರಿಗೆ ಮರಣದಂಡನೆ ಆಯಿತು. ಗುಂಡು ಹೊಡೆಯುವ ಕೆಲಸಕ್ಕೆ ಆ ಹಾಲಿನಲ್ಲಿ ಉಳಿದಿದ್ದ ಪಕ್ಷದವರನ್ನೇ ಕರೆಸಿ ಕೈಗೆ ಬಂದೂಕು ಕೊಟ್ಟರು. ನಿನ್ನೆಯವರೆಗೆ ಜೊತೆಗೆ ಊಟ ಮಾಡಿದವನನ್ನು ನಾನೇ ಕೊಂದಿದ್ದೇನೆ. ಇನ್ನು ನನಗೆ ಹಿಂದಕ್ಕೆ ದಾರಿ ಇಲ್ಲ. ಸದ್ದಾಂ ಬಿದ್ದರೆ ನಾನೂ ಬೀಳುತ್ತೇನೆ. ಈ ಗಂಟು ಹಾಕುವುದಕ್ಕೇ ಆ ಸಭೆ ಕರೆದದ್ದು, ಸಭೆಯ ಫಿಲ್ಮನ್ನು ಆಮೇಲೆ ಪಕ್ಷದವರಿಗೆ ತೋರಿಸಿದ್ದೂ ಅದಕ್ಕೇ.

ಇನ್ನೊಂದು ಗಂಟು ದುಡ್ಡಿನದು. 1971ರ ಜನವರಿಯಲ್ಲಿ ಉಗಾಂಡದ ಅಧ್ಯಕ್ಷ ಒಬೋಟೆ ಸಿಂಗಾಪುರಕ್ಕೆ ಹೋಗಿದ್ದಾಗ ಸೇನಾಪತಿ ಇದಿ ಅಮೀನ್ ದೇಶ ಹಿಡಿದ. ಮಾರನೇ ವರ್ಷ ಅಲ್ಲಿದ್ದ ಭಾರತೀಯ ಮೂಲದವರಿಗೆ 90 ದಿನದಲ್ಲಿ ದೇಶ ಬಿಡಿ ಎಂದ. ಗುಜರಾತಿ ವ್ಯಾಪಾರಿಗಳು ಎರಡು ಮೂರು ತಲೆಮಾರು ಕಟ್ಟಿದ ಅಂಗಡಿ, ಕಾರ್ಖಾನೆ, ಮನೆ ಬಿಟ್ಟು ಹೊರಟರು. ಆ ಆಸ್ತಿಯಲ್ಲಿ ಬಹಳಷ್ಟು ಅಮೀನನ ಸೇನಾಧಿಕಾರಿಗಳ ಪಾಲಾಯಿತು. ವ್ಯಾಪಾರ ಗೊತ್ತಿಲ್ಲದವರ ಕೈಯಲ್ಲಿ ಅಂಗಡಿಗಳು ಖಾಲಿಯಾದವು, ಉಪ್ಪು ಸಕ್ಕರೆಗೂ ಪರದಾಟ. ಅಮೀನನಿಗೆ ಅದರಿಂದ ನಷ್ಟ ಇಲ್ಲ. ಬಂದೂಕು ಇರುವವರ ಹೊಟ್ಟೆ ತುಂಬಿತ್ತು. ದೇಶ ಬಡವಾದರೂ ಸರ್ವಾಧಿಕಾರಿ ಯಾಕೆ ಗಟ್ಟಿಯಾಗಿರುತ್ತಾನೆ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುವುದು.

ಮತ್ತೆ, ಹತ್ತಿರ ಇಟ್ಟುಕೊಳ್ಳುವವರನ್ನು ಆರಿಸುವ ರೀತಿ. ಇಲ್ಲಿ ಚಿಕ್ಕವೀರರಾಜೇಂದ್ರ ಬರುತ್ತಾನೆ. 1820ರಿಂದ 1834ರವರೆಗೆ ಹದಿನಾಲ್ಕು ವರ್ಷ ಆಳಿದ. ಅವನ ಬಲಗೈ ಕುಂಟ ಬಸವ. ಅರಮನೆಯ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವನು ದಿವಾನನಾದ ಎಂದು ಬರಹಗಳು ಹೇಳುತ್ತವೆ. ಬಸವನ ಹುಟ್ಟನ್ನು ಹಿಡಿದು ಆಡಿಕೊಳ್ಳುವುದು ಸರಿಯಲ್ಲ, ಯಾರು ಬೇಕಾದರೂ ದಿವಾನ ಆಗಬಹುದು. ನೋಡಬೇಕಾದ್ದು ಬೇರೆ. ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪನಂಥ ದಿವಾನರಿಗೆ ಹಿಂದೆ ಒಂದು ಒಕ್ಕ ಇತ್ತು, ನಾಡು ಇತ್ತು, ರಾಜ ಮುನಿದರೂ ಹೋಗಿ ನಿಲ್ಲಲು ಒಂದು ಮನೆ ಇತ್ತು. ಬಸವನಿಗೆ ರಾಜನ ನೆರಳು ಬಿಟ್ಟರೆ ಗತಿ ಇಲ್ಲ. ಅದಕ್ಕೇ ರಾಜನಿಗೆ ಬಸವನ ಮೇಲೆ ನಂಬಿಕೆ. ಅವನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಅರಮನೆ ಕಾವಲಿಗೆ ಆಫ್ರಿಕಾ ಮೂಲದ ಸಿದ್ದಿಗಳನ್ನು ಇಟ್ಟುಕೊಂಡಿದ್ದನೆಂದು ಹೇಳುವುದನ್ನೂ ನಾನು ಹೀಗೇ ಅರ್ಥ ಮಾಡಿಕೊಳ್ಳುತ್ತೇನೆ. ಇಲ್ಲಿ ನೆಂಟರಿಲ್ಲ, ಇಷ್ಟರಿಲ್ಲ, ಒಡೆಯ ಒಬ್ಬನೇ ದಿಕ್ಕು. ಸದ್ದಾಂ ತನ್ನ ಊರಾದ ತಿಕ್ರಿತ್ ಕಡೆಯವರಿಂದ ಬೇರೆಯೇ ಕಾವಲು ಪಡೆ ಕಟ್ಟಿದ್ದೂ ಅಂಥದ್ದೇ ಲೆಕ್ಕ. ಸೈನ್ಯದ ಮೇಲೆ ಕಣ್ಣಿಡಲು ಇನ್ನೊಂದು ಸೈನ್ಯ.

ಇಷ್ಟು ಮಾಡಿದರೂ ಅವನಿಗೆ ನಿದ್ದೆ ಬರುವುದಿಲ್ಲ. ಸೋವಿಯತ್ ಪಕ್ಷದ 1934ರ ಮಹಾಧಿವೇಶನಕ್ಕೆ ಬಂದವರು 1966 ಪ್ರತಿನಿಧಿಗಳು. ಅವರಲ್ಲಿ 1108 ಜನ ಮುಂದೆ ಬಂಧನಕ್ಕೆ ಒಳಗಾದರು. ಇವರೆಲ್ಲ ಸ್ಟಾಲಿನ್‌ಗೆ ಚಪ್ಪಾಳೆ ತಟ್ಟಿದವರು. 1937 ಮತ್ತು 1938, ಎರಡೇ ವರ್ಷದಲ್ಲಿ 6 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರಿಗೆ ಗುಂಡಿಟ್ಟರು. ಕೊಲ್ಲಿಸಿದ ಗುಪ್ತ ಪೊಲೀಸ್ ಮುಖ್ಯಸ್ಥ ಯೆಝೋವ್‌ನನ್ನೇ 1940ರಲ್ಲಿ ಕೊಂದರು. ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿ ಇದ್ದ ಯಾಗೋದನಿಗೂ ಅದೇ ಗತಿ ಆಗಿತ್ತು. ನಾಳೆ ಯಾರ ಸರದಿ ಎಂದು ಗೊತ್ತಿಲ್ಲದಿದ್ದರೆ ಇಬ್ಬರು ಕೂತು ಗುಟ್ಟಾಗಿ ಮಾತಾಡುವುದಕ್ಕೂ ಧೈರ್ಯ ಬರುವುದಿಲ್ಲ. ಪಕ್ಕದವನು ಹೋಗಿ ಹೇಳಿಬಿಟ್ಟರೆ?

ಆ "ಹೇಳಿಬಿಟ್ಟರೆ" ಅನ್ನುವುದೇ ಉಳಿದ ಕೋಟಿ ಜನರನ್ನು ಕಟ್ಟಿಹಾಕುವ ಹಗ್ಗ. ಪೂರ್ವ ಜರ್ಮನಿಯ ಜನಸಂಖ್ಯೆ ಸುಮಾರು 1 ಕೋಟಿ 60 ಲಕ್ಷ. 1989ರಲ್ಲಿ ಅಲ್ಲಿನ ಗುಪ್ತ ಪೊಲೀಸ್ ಸ್ಟಾಸಿಯಲ್ಲಿ ಸುಮಾರು 91 ಸಾವಿರ ನೌಕರರಿದ್ದರು. ಅದರ ಮೇಲೆ 1 ಲಕ್ಷದ 70 ಸಾವಿರಕ್ಕೂ ಹೆಚ್ಚು ಮಾಹಿತಿದಾರರು. ಅವರಲ್ಲಿ ಅಕ್ಕಪಕ್ಕದವರು, ಸಹೋದ್ಯೋಗಿಗಳು, ಕೆಲವು ಕಡೆ ಗಂಡ ಹೆಂಡತಿಯರೂ ಇದ್ದರು. ರೊಮೇನಿಯಾದಲ್ಲಿ ಟೈಪ್‌ರೈಟರ್ ಇಟ್ಟುಕೊಳ್ಳಲೂ ಪೊಲೀಸರ ಹತ್ತಿರ ನೋಂದಣಿ ಮಾಡಿಸಬೇಕಿತ್ತು. ಒಂದು ಕರಪತ್ರ ಸಿಕ್ಕಿದರೆ ಯಾವ ಮನೆಯ ಯಂತ್ರದ್ದು ಎಂದು ಹುಡುಕುವುದಕ್ಕೆ.

ನಮಗೂ ಇದರ ರುಚಿ ಸ್ವಲ್ಪ ಗೊತ್ತು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು, ಕೇಂದ್ರದ ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮಾರನೇ ದಿನ ಬೆಳಿಗ್ಗೆ. ದೆಹಲಿಯಲ್ಲಿ ಪತ್ರಿಕೆಗಳ ಕರೆಂಟು ತೆಗೆದರು. ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅಲ್ಲೇ ಬಂಧನಕ್ಕೆ ಒಳಗಾದರು. ನಾನು ಆಗ ಮಡಿಕೇರಿಯಲ್ಲಿ ಕಾಲೇಜು ಹುಡುಗ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿಗೆ ದಿನಾ ಸಂಜೆ ಹೋಗುತ್ತಿದ್ದೆವು. ಮಳೆಗಾಲದಲ್ಲಿ ಆ ಹೋಟೆಲು ಊರಿನ ಪಾರ್ಲಿಮೆಂಟ್ ಇದ್ದ ಹಾಗೆ. ಏಲಕ್ಕಿ ರೇಟಿನಿಂದ ಇಂದಿರಾ ಗಾಂಧಿವರೆಗೆ ಎಲ್ಲ ಚರ್ಚೆ. ಜುಲೈ ಹೊತ್ತಿಗೆ ಗೋಡೆಯ ಮೇಲೆ "ರಾಜಕೀಯ ಮಾತಾಡಬಾರದು" ಅಂತ ಸೀಮೆಸುಣ್ಣದಲ್ಲಿ ಬರೆದ ಹಲಗೆ ಬಂತು. ಒಂದು ಸಂಜೆ ಹಿರಿಯರೊಬ್ಬರು ಸಂತಾನಹರಣ ಆಪರೇಷನ್ ಕ್ಯಾಂಪಿನ ಬಗ್ಗೆ ಏನೋ ಬಾಯಿ ತೆರೆದರು. ಮೂಲೆಯಲ್ಲಿ ಹೊಸ ಮುಖವೊಂದು ಕಾಫಿ ಕುಡಿಯುತ್ತಿತ್ತು. ಹೋಟೆಲಿನವರು ಮಾತಾಡದೆ ಬಂದು ರೇಡಿಯೊ ಜೋರು ಮಾಡಿದರು. ಹಿರಿಯರು ಬಾಯಿ ಮುಚ್ಚಿ ಹೊರಗಿನ ಮಳೆ ನೋಡುತ್ತಾ ಕೂತರು. ಆ ಹೊಸಬ ಯಾವುದೋ ಗೊಬ್ಬರದ ಕಂಪನಿಯವನು ಎಂದು ಆಮೇಲೆ ಗೊತ್ತಾಯಿತು. ಆದರೆ ಹೋಟೆಲಿನಲ್ಲಿ ಆ ಹಳೆಯ ಗದ್ದಲ 1977ರವರೆಗೆ ಮತ್ತೆ ಕೇಳಲಿಲ್ಲ. ನಮ್ಮನ್ನು ಸುಮ್ಮನಾಗಿಸಲು ಪೊಲೀಸರು ಬರಲೇ ಇಲ್ಲ ನೋಡಿ. ನಾವೇ ಒಬ್ಬರನ್ನೊಬ್ಬರು ಸುಮ್ಮನಾಗಿಸಿಕೊಂಡೆವು.

ಹಿಟ್ಲರ್, ಸ್ಟಾಲಿನ್ ಕಾಲಕ್ಕೂ ಆ 21 ತಿಂಗಳಿಗೂ ಅಜಗಜಾಂತರ. ಚುನಾವಣೆ ನಡೆಯಿತು, ಸೋತವರು ಕುರ್ಚಿ ಬಿಟ್ಟು ಇಳಿದರು. ಆದರೆ ಕೋರ್ಟಿನ ಬಾಗಿಲು ಎಷ್ಟು ಬೇಗ ಮುಚ್ಚುತ್ತದೆ ಎಂದು ನಾವು ಕಂಡೆವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತುಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರುವ ಹಾಗಿಲ್ಲ ಅಂದರು. ಇದನ್ನು ಒಪ್ಪುವುದಿಲ್ಲ ಅಂದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಮುಂದಿನ ಜನವರಿಯಲ್ಲಿ ಅವರನ್ನು ದಾಟಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ಹೋದರು.

ನಿಮ್ಮ ಮಾವನವರು ಊಟ ಬಿಟ್ಟು ಎದ್ದದ್ದು ಯಾಕೆ ಎಂದು ನನಗೆ ಅರ್ಥವಾಗುತ್ತದೆ. ಕೊಡಗಿನ ಮಿಲಿಟರಿಯವರಿಗೆ ಇದು ಪಾಠದ ವಿಷಯ ಅಲ್ಲ, ಮನೆಯ ವಿಷಯ. 1949ರ ಜನವರಿ 15ರಂದು ನಮ್ಮ ಕಾರ್ಯಪ್ಪನವರು ಭಾರತದ ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದರು. ಅದೇ ಹಳೆಯ ಬ್ರಿಟಿಷ್ ಇಂಡಿಯಾ ಸೈನ್ಯದಿಂದ ಬಂದ ಅಯೂಬ್ ಖಾನ್ ಪಾಕಿಸ್ತಾನದಲ್ಲಿ ಏನು ಮಾಡಿದರು? 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ರಾಜಕಾರಣಿಗಳನ್ನು ಓಡಿಸಲು ಮಿಲಿಟರಿ ಆಡಳಿತ ತಂದ. ಅಯೂಬರನ್ನು ಅದರ ಮುಖ್ಯಸ್ಥ ಮಾಡಿದ. ಇಪ್ಪತ್ತು ದಿನ ಕಳೆದು, ಅಕ್ಟೋಬರ್ 27ರಂದು ಅಯೂಬ್ ಮಿರ್ಜಾನನ್ನೇ ಓಡಿಸಿದರು. ನಮ್ಮಲ್ಲಿ 1955ರಲ್ಲೇ ಕಮಾಂಡರ್ ಇನ್ ಚೀಫ್ ಅನ್ನುವ ಹುದ್ದೆ ತೆಗೆದು, ಮೂರು ಪಡೆಗಳಿಗೆ ಮೂವರು ಸರಿಸಮ ಮುಖ್ಯಸ್ಥರನ್ನು ಮಾಡಿದ್ದರು. 1959ರಲ್ಲಿ ಸೈನ್ಯದ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರಿಗೂ ರಕ್ಷಣಾ ಮಂತ್ರಿ ಕೃಷ್ಣ ಮೆನನ್‌ಗೂ ದೊಡ್ಡ ಜಟಾಪಟಿ ಆಯಿತು. ತಿಮ್ಮಯ್ಯ ಸಾಮಾನ್ಯರಲ್ಲ, ಸೈನಿಕರು ಅವರಿಗಾಗಿ ಪ್ರಾಣ ಕೊಡುತ್ತಿದ್ದರು. ಅವರು ತೆಗೆದದ್ದು ಪೆನ್ನು. ರಾಜೀನಾಮೆ ಬರೆದರು, ನೆಹರೂ ಮನವೊಲಿಸಿದ ಮೇಲೆ ವಾಪಸು ತೆಗೆದುಕೊಂಡರು. ಆ ವರ್ಷ ಅಷ್ಟು ಸಿಟ್ಟಿನಲ್ಲೂ ಮಡಿಕೇರಿಯ ಆ ಮನುಷ್ಯ ಗೆರೆ ದಾಟಲಿಲ್ಲ ಅನ್ನುವುದು ಅವರು ಗೆದ್ದ ಯುದ್ಧಗಳಷ್ಟೇ ದೊಡ್ಡದು ಎಂದು ನಾನು ತಿಳಿದಿದ್ದೇನೆ.

ಈಗ ನಿಮ್ಮ ಮಗ ಹೇಳುವ "ಎಲ್ಲ ಸರಿಹೋಗುತ್ತದೆ" ಅನ್ನುವ ಮಾತು. ಅವನ ಸಿಟ್ಟು ಸುಳ್ಳಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಆ ಸಿಟ್ಟು ಬರಲೇಬೇಕು. ಆದರೆ ಅವನು ಒಂದು ವಿಷಯ ಯೋಚಿಸಿಲ್ಲ. ಗುಂಡಿ ಇದೆ ಎಂದು ಆ ದೊರೆಗೆ ಹೇಳುವವರು ಯಾರು?

ಕಾಫಿ ತೋಟದ ಉದಾಹರಣೆಯೇ ಕೊಡುತ್ತೇನೆ, ನಿಮಗೆ ಬೇಗ ತಲುಪುತ್ತದೆ. ನನಗೆ ಗೊತ್ತಿದ್ದ ಒಬ್ಬ ಸಾಹುಕಾರರು ಬಹಳ ಮುಂಗೋಪಿ. ಹೂಮಳೆ ಚೆನ್ನಾಗಿ ಬಿದ್ದ ವರ್ಷ ತೋಟದ ಲೆಕ್ಕ ಬರೆಯುವ ರೈಟರನ್ನು ಕರೆದು "ಈ ಸಲ ಎಷ್ಟು ಮೂಟೆ?" ಅಂತ ಕೇಳಿದರು. ರೈಟರ್ ಮನಸ್ಸಿನಲ್ಲಿ ಇನ್ನೂರು. ಸಾಹುಕಾರರ ಮುಖ ನೋಡಿ ಮುನ್ನೂರು ಅಂದ. ಆಗಸ್ಟ್‌ನಲ್ಲಿ ಕೆಳಗಿನ ಹಳ್ಳದ ಪಟ್ಟೆಯಲ್ಲಿ ಕಾಯಿಕೊರಕ ಹುಳು ಕಂಡಿತು. ಮೇಸ್ತ್ರಿ ರೈಟರಿಗೆ ಹೇಳಿದ. ರೈಟರ್ ಸಾಹುಕಾರರಿಗೆ ಹೇಳಲಿಲ್ಲ, ಹೇಳಿದರೆ ಬೈಗುಳ ತಿನ್ನಬೇಕು. ಕೊಯ್ಲಿನ ಹೊತ್ತಿಗೆ ಕೊರಕ ಅರ್ಧ ತೋಟಕ್ಕೆ ಹರಡಿತ್ತು. ಮುನ್ನೂರು ಮೂಟೆ ನಂಬಿ ಸಾಲ ಎತ್ತಿದ್ದ ಸಾಹುಕಾರರು ಕಣದಲ್ಲಿ ನಿಂತು ಆ ಪೊಳ್ಳು ಬೀಜ ಹಿಡಿದು ನೋಡುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ.

ಇದನ್ನೇ ಚೀನಾದಷ್ಟು ದೊಡ್ಡದು ಮಾಡಿ ನೋಡಿ. 1958ರಲ್ಲಿ ಮಾವೊ "ಮಹಾ ಜಿಗಿತ" ಎಂದು ಶುರು ಮಾಡಿದ. ಹಳ್ಳಿಯ ಅಧಿಕಾರಿ ಬೆಳೆಯನ್ನು ಹೆಚ್ಚಿಸಿ ಬರೆದ, ಅವನ ಮೇಲಿನವನು ಇನ್ನಷ್ಟು. ಕಾಗದದ ಮೇಲೆ ಧಾನ್ಯ ಗುಡ್ಡವಾಯಿತು. ಆ ಲೆಕ್ಕದ ಪ್ರಕಾರ ಸರಕಾರ ತನ್ನ ಪಾಲು ಎತ್ತಿಕೊಂಡು ಹೋಯಿತು, ಹೊರದೇಶಕ್ಕೂ ಕಳಿಸಿತು. ಹಳ್ಳಿಯಲ್ಲಿ ಉಳಿದದ್ದು ಖಾಲಿ ಮಡಕೆ. 1959ರಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹ್ವಾಯ್ ಇರುವುದನ್ನು ಇದ್ದ ಹಾಗೆ ಮಾವೊಗೆ ಪತ್ರ ಬರೆದರು. ಅವರ ಕೆಲಸ ಹೋಯಿತು. ಆಮೇಲೆ ಬಾಯಿ ಬಿಡುವವರು ಯಾರು? 1961ರ ಹೊತ್ತಿಗೆ ಹಸಿವಿನಿಂದ ಸತ್ತವರ ಸಂಖ್ಯೆ ಕೆಲವರ ಲೆಕ್ಕದಲ್ಲಿ 1.5 ಕೋಟಿ, ಕೆಲವರ ಲೆಕ್ಕದಲ್ಲಿ 4.5 ಕೋಟಿ.

ಸ್ಟಾಲಿನ್ ಸತ್ತದ್ದೂ ಹೀಗೇ. 1953ರ ಮಾರ್ಚ್ 1ರಂದು ಕೋಣೆಯೊಳಗೆ ಲಕ್ವ ಹೊಡೆದು ಬಿದ್ದ. ಕರೆಯದೆ ಒಳಗೆ ಹೋಗುವ ಧೈರ್ಯ ಕಾವಲುಗಾರರಿಗೆ ಇರಲಿಲ್ಲ. ಗಂಟೆಗಟ್ಟಲೆ ನೆಲದ ಮೇಲೇ ಬಿದ್ದಿದ್ದ. ಅವನನ್ನು ನೋಡುತ್ತಿದ್ದ ದೊಡ್ಡ ಡಾಕ್ಟರುಗಳಲ್ಲಿ ಹಲವರು ಅವನದೇ ಅಪ್ಪಣೆಯಿಂದ ಜೈಲಿನಲ್ಲಿದ್ದರು. ಮಾರ್ಚ್ 5ಕ್ಕೆ ಪ್ರಾಣ ಹೋಯಿತು.

ಇಂಥವರು ಬೀಳುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೆ ಚಿಕ್ಕವೀರರಾಜನ ಬಗ್ಗೆ ಕೇಳಿದ್ದೀರಿ, ಅದಕ್ಕೆ ಉತ್ತರ ಅಲ್ಲೇ ಇದೆ. ಅವನು ಕ್ರೂರಿ ಹೌದಾ? ತನ್ನ ರಕ್ತಸಂಬಂಧಿಗಳನ್ನೇ ಕೊಲ್ಲಿಸಿದ, ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚೆನ್ನಬಸಪ್ಪ ಜೀವ ಉಳಿಸಿಕೊಳ್ಳಲು ಇಂಗ್ಲಿಷರ ಆಶ್ರಯಕ್ಕೆ ಓಡಿದರು. ಇಷ್ಟಂತೂ ಇದೆ. ಆದರೆ ಅವನ ಬಗ್ಗೆ ನಾವು ಓದುವ ಬಹಳಷ್ಟನ್ನು ಬರೆದವರು ಅವನ ರಾಜ್ಯ ತೆಗೆದುಕೊಂಡವರು. ಕೊಡಗಿನ ಜನರೆಲ್ಲ ಒಮ್ಮತದಿಂದ ಕೇಳಿಕೊಂಡದ್ದಕ್ಕೆ ಆಳ್ವಿಕೆ ವಹಿಸಿಕೊಂಡೆವು ಎಂದು ಇಂಗ್ಲಿಷರು 1834ರ ಮೇ 7ರಂದು ಘೋಷಿಸಿದರು. ಮೂರೇ ವರ್ಷದಲ್ಲಿ, 1837ರಲ್ಲಿ, ರಾಜಮನೆತನದವನೆಂದು ಹೇಳಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನ ದಂಗೆ ಎದ್ದರು. ದಂಗೆಯ ಮುಖಂಡ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯ ಹತ್ತಿರ ನೇಣಿಗೆ ಹಾಕಿದರು. ಎಲ್ಲರೂ ಒಮ್ಮತದಿಂದ ಕೇಳಿಕೊಂಡಿದ್ದರೆ ಆ ನೇಣುಗಂಬ ಯಾಕೆ ಬೇಕಿತ್ತು? ಅದಕ್ಕೇ ಆ ರಾಜನ ಕಥೆಗಳನ್ನು ನಾನು ಸ್ವಲ್ಪ ಸೋಸಿ ಓದುತ್ತೇನೆ.

ಸೋಸಿದರೂ ಉಳಿಯುವುದು ಒಂದಿದೆ. 1834ರ ಏಪ್ರಿಲಿನಲ್ಲಿ ಇಂಗ್ಲಿಷ್ ಸೈನ್ಯ ನಾಲ್ಕು ಕಡೆಯಿಂದ ನುಗ್ಗಿತು. ಉತ್ತರದಿಂದ ಬಂದ ತುಕಡಿಗೆ ನಮ್ಮವರು ಸರಿಯಾಗಿ ಏಟು ಕೊಟ್ಟು ಹಿಮ್ಮೆಟ್ಟಿಸಿದರು. ಕೋವಿ ಹಿಡಿಯುವವರಿಗೆ ಇಲ್ಲಿ ಬರ ಇರಲಿಲ್ಲ. ಆದರೆ ದಿವಾನ ಬೋಪು ಇಂಗ್ಲಿಷರ ಕಡೆಗೆ ಹೋದ, ಮಡಿಕೇರಿಗೆ ದಾರಿ ಬಿಟ್ಟುಕೊಟ್ಟ. ಬೋಪು ಮಾಡಿದ್ದು ಸರಿಯೋ ತಪ್ಪೋ ಎಂದು ನಮ್ಮಲ್ಲಿ ಇನ್ನೂ ವಾದ ಇದೆ. ಅಲ್ಲಿಯವರೆಗೆ ಬೀಗದ ಕೈ ಹಿಡಿದು ನಿಂತಿದ್ದವನು ಒಂದು ದಿನ ಅದನ್ನು ತೆಗೆದು ಬೇರೆಯವರ ಕೈಗೆ ಇಟ್ಟ, ಅಷ್ಟೆ. ಏಪ್ರಿಲ್ 10ರಂದು ರಾಜ ಶರಣಾದ. ಅವನನ್ನು ಕಾಶಿಗೆ ಕಳಿಸಿದರು. ಕೊನೆಗೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಇನ್ನೊಂದು ರೀತಿಯಲ್ಲಿ ಬೀಳುವುದೂ ಇದೆ, ಹೊರಗಿನ ಕೋಟಿ ಜನರ ಹಗ್ಗ ಬಿಚ್ಚಿದಾಗ. ರೊಮೇನಿಯಾದ ಚೌಶೆಸ್ಕು 24 ವರ್ಷ ಆಳಿದವನು. 1989ರ ಡಿಸೆಂಬರ್ ಮಧ್ಯದಲ್ಲಿ ತಿಮಿಶೋರಾ ಅನ್ನುವ ಊರಿನಲ್ಲಿ ಗಲಾಟೆ ಆಗಿ ಗುಂಡು ಹಾರಿತ್ತು. ಜನ ತನ್ನ ಕಡೆ ಇದ್ದಾರೆ ಎಂದು ತೋರಿಸಲು ಡಿಸೆಂಬರ್ 21ರಂದು ರಾಜಧಾನಿ ಬುಕಾರೆಸ್ಟ್‌ನಲ್ಲಿ ದೊಡ್ಡ ಸಭೆ ಕರೆದ. ಕಾರ್ಖಾನೆಗಳಿಂದ ಜನರನ್ನು ತುಂಬಿಕೊಂಡು ಬಂದು ನಿಲ್ಲಿಸಿದ್ದರು. ಟಿವಿಯಲ್ಲಿ ನೇರ ಪ್ರಸಾರ. ಎಂದಿನ ಹಾಗೆ ಬಾಲ್ಕನಿಯಿಂದ ಭಾಷಣ ಶುರು ಮಾಡಿದ. ಕೆಲವು ನಿಮಿಷ ಆಗಿರಬಹುದು, ಹಿಂದಿನಿಂದ ಯಾರೋ ಕೂಗಿದ ಸದ್ದು. ಪಕ್ಕದವರು ಅವರನ್ನು ಸುಮ್ಮನಾಗಿಸಲಿಲ್ಲ, ಅವರೂ ಕೂಗಿದರು. ಇಷ್ಟು ವರ್ಷ ತನ್ನೊಬ್ಬನಿಗೇ ಹೀಗೆ ಅನ್ನಿಸುತ್ತಿದೆ ಅಂದುಕೊಂಡಿದ್ದ ಒಬ್ಬೊಬ್ಬನಿಗೂ ಆ ಕ್ಷಣ ಅಕ್ಕಪಕ್ಕದವರ ಮನಸ್ಸು ಕಿವಿಗೆ ಬಿತ್ತು. ಮಾರನೇ ದಿನ ರಕ್ಷಣಾ ಮಂತ್ರಿ ಸತ್ತ ಸುದ್ದಿ ಬಂತು, ಸೈನ್ಯ ಜನರ ಕಡೆ ತಿರುಗಿತು. ಚೌಶೆಸ್ಕು ಹೆಲಿಕಾಪ್ಟರ್ ಹತ್ತಿ ಓಡಿದ. ಡಿಸೆಂಬರ್ 25ಕ್ಕೆ ಅವನಿಗೂ ಅವನ ಹೆಂಡತಿಗೂ ಗುಂಡಿಟ್ಟರು.

ಆ ಸಭೆಯ ವಿಡಿಯೊ ಈಗಲೂ ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ಮಗ ಮುಂದಿನ ಸಲ ಬಂದಾಗ ಊಟ ಆದ ಮೇಲೆ ಅಜ್ಜನ ಪಕ್ಕ ಕೂತು ನೋಡಲಿ. ಭಾಷೆ ಅರ್ಥ ಆಗಬೇಕಾಗಿಲ್ಲ. ಕೂಗು ಕೇಳಿದ ಕೂಡಲೇ ಅವನು ಮಾತು ನಿಲ್ಲಿಸುತ್ತಾನೆ. ಬಲಗೈ ಮೇಲೆತ್ತಿ ಹಾಗೇ ನಿಲ್ಲುತ್ತಾನೆ. ಆಮೇಲೆ ಮೈಕಿನ ಹತ್ತಿರ ಬಗ್ಗಿ, ಫೋನಿನಲ್ಲಿ ಲೈನ್ ಕಟ್ಟಾದಾಗ ನಾವು ಕೂಗುವ ಹಾಗೆ, "ಹಲೋ, ಹಲೋ" ಅನ್ನುತ್ತಾನೆ.